ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಹಾಳೆ ಲೆಕ್ಕ

(ಹಾಸನದ ಒಂದು ಪಿಯು ಕಾಲೇಜಿನಲ್ಲಿ, ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೆದು, ಇನ್ನು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಯಾವ ಕಾಲೇಜು, ಯಾವ ಬ್ರಾಂಚು ಬೇಕು ಅಂತ, ಆಯ್ಕೆ ತುಂಬಬೇಕಾದ ಮಕ್ಕಳು ಮತ್ತು ಅವರ ತಂದೆ ತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಬಹುಪಾಲು ಕಳೆದದ್ದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹೋಬಳಿ ಶಾಖೆಗಳಲ್ಲೇ. ಬೆಳೆ ಸಾಲ, ಒಡವೆ ಸಾಲ, ಟ್ರ್ಯಾಕ್ಟರ್ ಸಾಲ ಎಲ್ಲವನ್ನೂ ಕೊಟ್ಟಿದ್ದೇನೆ. ಅವೆಲ್ಲ ಮರೆತುಹೋಗಿವೆ. ಮನಸ್ಸಿನಲ್ಲಿ ಉಳಿದಿರುವುದು ಓದಿನ ಸಾಲಗಳು. ಟ್ರ್ಯಾಕ್ಟರ್ ಸಾಲ ಕೊಟ್ಟರೆ ಟ್ರ್ಯಾಕ್ಟರ್ ಕಣ್ಣಿಗೆ ಕಾಣುತ್ತದೆ. ಓದಿನ ಸಾಲಕ್ಕೆ ಹದಿನೆಂಟು ತುಂಬಿದ ಹುಡುಗನೋ ಹುಡುಗಿಯೋ ಸಹಿ ಹಾಕುತ್ತಾರೆ. ಪಕ್ಕದಲ್ಲಿ ಅಪ್ಪನ ಸಹಿ. ಆ ಸಾಲ ಏನಾಗುತ್ತದೆ ಅನ್ನುವುದು ಗೊತ್ತಾಗುವುದು ಐದು ವರ್ಷ ಕಳೆದ ಮೇಲೆ.

ಹಾಸನಕ್ಕೂ ಇಂಜಿನಿಯರಿಂಗ್‌ಗೂ ಹಳೆಯ ನಂಟು. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರಲ್ಲಿ. ಆಗ ಹೇಮಾವತಿ ನಾಲೆಯ ಕೆಲಸ ನಡೆಯುತ್ತಿತ್ತು. ಜೀಪಿನಲ್ಲಿ ಬಂದು ಇಳಿಯುವ ಇಂಜಿನಿಯರ್ ಸಾಹೇಬರನ್ನು ನೋಡಿ ನಮ್ಮ ಹಿರಿಯರು "ಮಗನನ್ನು ಓದಿಸಿದರೆ ಹಿಂಗೆ ಓದಿಸಬೇಕು" ಅಂದುಕೊಂಡರು. ತಪ್ಪೇನಿಲ್ಲ. ಆಗ ಫೀಸು ಕಡಿಮೆ, ಓದು ಮುಗಿಸಿದವರು ಕಡಿಮೆ, ಕೆಲಸ ಸಿಗುತ್ತಿತ್ತು. ಇವತ್ತು ಫೀಸೂ ಬದಲಾಗಿದೆ, ಓದು ಮುಗಿಸಿ ಹೊರಬರುವವರ ಸಂಖ್ಯೆಯೂ ಬದಲಾಗಿದೆ. ನಮ್ಮ ತಲೆಯೊಳಗಿನ ಆ ಜೀಪು ಮಾತ್ರ ಹಾಗೇ ನಿಂತಿದೆ.

ಎಲ್ಲರೂ ಒಂದು ಹಾಳೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಯಾವುದಾದರೂ ಮದುವೆ ಕಾಗದದ ಹಿಂಬದಿಯಾದರೂ ಆಗುತ್ತದೆ. ಮಕ್ಕಳು ಬರೆಯಿರಿ, ಅಪ್ಪ ಅಮ್ಮ ನೋಡಲಿ.

ಸಿಇಟಿಯಲ್ಲಿ ಖಾಸಗಿ ಕಾಲೇಜಿನ ಸೀಟು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಫೀಸು ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಹಾಸ್ಟೆಲ್ಲು, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ ಒಂದೂವರೆ ಲಕ್ಷ ಸಾಲ ತೆಗೆಯುತ್ತೀರಿ. ನಾಲ್ಕು ವರ್ಷಕ್ಕೆ 6 ಲಕ್ಷ. ಬಡ್ಡಿ ಶೇಕಡಾ 10 ಅಂತ ಹಿಡಿಯೋಣ. ಲೆಕ್ಕಕ್ಕೂ ಸುಲಭ, ನಿಜಕ್ಕೂ ತುಂಬಾ ದೂರವಿಲ್ಲ. ಓದುವ ನಾಲ್ಕು ವರ್ಷ, ಅದಾದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಎಲ್ಲರಿಗೂ ಕೇಳಿಸುವುದು ಈ ಮಾತೇ. ಕಂತಿಲ್ಲ ಅಂದರೆ ಬಡ್ಡಿಯೂ ಇಲ್ಲ ಅಂತ ತಿಳಿದುಕೊಳ್ಳುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಮೊದಲ ವರ್ಷ ತೆಗೆದ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 75 ಸಾವಿರ. ಎರಡನೆಯ ವರ್ಷದ್ದಕ್ಕೆ 60 ಸಾವಿರ, ಮೂರನೆಯದಕ್ಕೆ 45, ಕೊನೆಯದಕ್ಕೆ 30. ಕೂಡಿಸಿ. 2 ಲಕ್ಷದ 10 ಸಾವಿರ. ಕಂತು ಶುರುವಾಗುವ ದಿನ ನಿಮ್ಮ ಸಾಲ 6 ಲಕ್ಷ ಅಲ್ಲ, 8 ಲಕ್ಷದ 10 ಸಾವಿರ.

ಇದನ್ನು 10 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು 10,704 ರೂಪಾಯಿ. "ಜಾಸ್ತಿ ಆಯ್ತು, 15 ವರ್ಷ ಮಾಡಿ ಸಾರ್" ಅನ್ನುತ್ತಾರೆ. ಮಾಡಬಹುದು. ಕಂತು 8,704ಕ್ಕೆ ಇಳಿಯುತ್ತದೆ. ತಿಂಗಳಿಗೆ ಎರಡು ಸಾವಿರ ಉಳಿಯಿತು ಅಂತ ಸಮಾಧಾನ. ಆದರೆ 10 ವರ್ಷದಲ್ಲಿ ಒಟ್ಟು ಕಟ್ಟುವುದು ಸುಮಾರು 12 ಲಕ್ಷದ 84 ಸಾವಿರ, 15 ವರ್ಷದಲ್ಲಿ 15 ಲಕ್ಷದ 67 ಸಾವಿರ.

ಹಾಳೆಯ ಆ ಕಡೆ ಸಂಬಳ ಬರೆಯಿರಿ. ದೊಡ್ಡ ಐಟಿ ಕಂಪನಿಗಳು ನೂರಾರು ಮಕ್ಕಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತವಲ್ಲ, ಅಲ್ಲಿ ಶುರುವಿನ ಪ್ಯಾಕೇಜು ವರ್ಷಕ್ಕೆ 3.5 ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಇದಕ್ಕಿಂತ ಬಹಳ ಕಡಿಮೆ ಇರಲಿಲ್ಲ. ಈ ಹತ್ತು ವರ್ಷದಲ್ಲಿ ಫೀಸು, ಪಿಜಿ ಬಾಡಿಗೆ, ಊಟ ಎಲ್ಲ ಏರಿವೆ. ಶುರುವಿನ ಸಂಬಳ ಮಾತ್ರ ಹೆಚ್ಚುಕಮ್ಮಿ ಅಲ್ಲೇ ಇದೆ. ಪ್ಯಾಕೇಜು 3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ ಅಂತ ಊರಲ್ಲಿ ಹೇಳಿಕೊಳ್ಳುತ್ತೇವೆ. ಕೈಗೆ ಬರುವುದು ಅಷ್ಟಲ್ಲ. ಪಿಎಫ್‌ಗೆ ಕಂಪನಿಯ ಪಾಲೂ ಅದರೊಳಗೇ ಸೇರಿರುತ್ತದೆ, ಮಗುವಿನ ಪಾಲೂ ಅದರಿಂದಲೇ ಹೋಗುತ್ತದೆ. ಗ್ರ್ಯಾಚುಯಿಟಿ, ಇನ್ಶೂರೆನ್ಸ್, ವರ್ಷದ ಕೊನೆಗೆ ಕೊಡುತ್ತೇವೆ ಅನ್ನುವ ಒಂದಿಷ್ಟು, ಎಲ್ಲ ಕಳೆದರೆ 25 ಸಾವಿರ ಅಂತ ಇಟ್ಟುಕೊಳ್ಳಿ. ಸಿವಿಲ್ಲು, ಮೆಕ್ಯಾನಿಕಲ್ಲು ಓದಿ ಆ ಕೆಲಸದಲ್ಲೇ ಸೇರಿದ ಎಷ್ಟೋ ಮಕ್ಕಳಿಗೆ ಇದಕ್ಕಿಂತಲೂ ಕಡಿಮೆ. ಸೈಟ್ ಇಂಜಿನಿಯರ್ ಅಂತ 15 ಸಾವಿರಕ್ಕೆ ಸೇರಿದವರ ಸಂಬಳದ ಚೀಟಿಗಳನ್ನು ನಾನೇ ಕಂಡಿದ್ದೇನೆ.

25 ಸಾವಿರದಲ್ಲಿ ಬೆಂಗಳೂರಿನ ಪಿಜಿಗೆ 8,500 ಕಳೆಯಿರಿ. ಓಡಾಟಕ್ಕೆ 2,000. ಮಧ್ಯಾಹ್ನದ ಊಟ, ಸಂಜೆಯ ಕಾಫಿ, ಭಾನುವಾರ ಪಿಜಿಯಲ್ಲಿ ರಾತ್ರಿ ಊಟ ಇರುವುದಿಲ್ಲ, ಅದಕ್ಕೆಲ್ಲ 2,500. ಫೋನು, ಬಟ್ಟೆ, ಸೋಪು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು, 1,500. ಉಳಿದದ್ದು 10,500. ಕಂತು ಎಷ್ಟಿತ್ತು? 10,704.

ಯಾರೂ ದುಂದು ಮಾಡಿಲ್ಲ. ಮಗು ಸಿನಿಮಾಕ್ಕೂ ಹೋಗಿಲ್ಲ, ಜ್ವರವೂ ಬಂದಿಲ್ಲ. ಆದರೂ 204 ರೂಪಾಯಿ ಕಡಿಮೆ ಬಿತ್ತು. ಸಂಬಳ ಏರುತ್ತದೆ, ನಿಜ. ಮೂರು ನಾಲ್ಕು ವರ್ಷ ಕಳೆದರೆ ಇದೇ ಕಂತು ಹಗುರ ಅನ್ನಿಸುತ್ತದೆ. ಕಷ್ಟ ಇರುವುದು ಆ ಮೊದಲ ಮೂರು ವರ್ಷದಲ್ಲಿ. ನನ್ನ ಶಾಖೆಗಳಲ್ಲಿ ಕಂತು ನಿಂತ ಖಾತೆಗಳಲ್ಲಿ ಹೆಚ್ಚಿನವು ಆ ಕಾಲದಲ್ಲೇ ನಿಂತವು.

ಇದು ಸಿಇಟಿ ಸೀಟಿನ ಲೆಕ್ಕ. ಮ್ಯಾನೇಜ್‌ಮೆಂಟ್ ಸೀಟಿನದ್ದು ಬೇರೆಯೇ. ಬೆಂಗಳೂರಿನಲ್ಲಿ ಫೀಸು, ಹಾಸ್ಟೆಲ್ಲು ಸೇರಿ ವರ್ಷಕ್ಕೆ 5 ಲಕ್ಷ ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 20 ಲಕ್ಷ. ಅದೇ ಬಡ್ಡಿ, ಅದೇ ಲೆಕ್ಕ. ಕಂತು ಶುರುವಾಗುವಾಗ 27 ಲಕ್ಷ. 15 ವರ್ಷಕ್ಕೆ ಹಂಚಿದರೂ ತಿಂಗಳಿಗೆ 29 ಸಾವಿರ. ಮಗು ಊಟ ಬಿಟ್ಟು, ಪಿಜಿ ಬಿಟ್ಟು, ಬಂದ ಸಂಬಳವನ್ನು ಹಾಗೇ ತಂದು ಬ್ಯಾಂಕಿಗೆ ಕಟ್ಟಿದರೂ ಸಾಲುವುದಿಲ್ಲ. ಮನೆಯಿಂದ ಇನ್ನೂ 4 ಸಾವಿರ ಸೇರಿಸಬೇಕು.

ನನಗೆ ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ಇದೇ ಹಾಸನದಲ್ಲಿ ಸಿಇಟಿ ಸೀಟಿನಲ್ಲಿ ಓದಿದ ಹುಡುಗಿ, ಬೆಂಗಳೂರಿನಲ್ಲಿ 20 ಲಕ್ಷ ಸುರಿದು ಓದಿದ ಹುಡುಗ, ಇಬ್ಬರೂ ಅದೇ ಕಂಪನಿಗೆ ಅದೇ 3.5 ಲಕ್ಷಕ್ಕೆ ಸೇರುತ್ತಾರೆ. ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಸೀಟಿಗೆ ಎಷ್ಟು ಕೊಟ್ಟಿರಿ ಅಂತ ಕಂಪನಿ ಕೇಳುವುದಿಲ್ಲ.

ಬೆಂಗಳೂರಿನ ಕೆಲವು ಕಾಲೇಜುಗಳಿಗೆ ಒಳ್ಳೆಯ ಕಂಪನಿಗಳು ಬರುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ರ‍್ಯಾಂಕು ಚೆನ್ನಾಗಿದ್ದು ಸಿಇಟಿಯಲ್ಲೇ ಅಂಥ ಕಡೆ ಸೀಟು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ. ನಾನು ಹೇಳುತ್ತಿರುವುದು ರ‍್ಯಾಂಕು ಬಾರದೆ, "ಬೆಂಗಳೂರು ಆದರೆ ಸಾಕು" ಅಂತ ಹೆಸರೇ ಕೇಳದ ಕಾಲೇಜಿಗೆ ಮನೆ ಅಡವಿಟ್ಟು ಹೋಗುವವರ ಬಗ್ಗೆ. ಕಂಪ್ಯೂಟರ್ ಸೈನ್ಸ್ ಸೀಟು ಸಿಗುವುದೇ ಕಷ್ಟ ಅನ್ನುವ ಗಾಬರಿ ಇವತ್ತಿಗೂ ಇದೆ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024ರಲ್ಲಿ ತೆಗೆಯಿತು. ಆಮೇಲೆ ಆ ಸೀಟುಗಳು ಹೆಚ್ಚಾಗುತ್ತಲೇ ಇವೆ. ಸೀಟು ಹೆಚ್ಚಾದಷ್ಟು ಕೆಲಸ ಹೆಚ್ಚಾಗಬೇಕು ಅಂತೇನೂ ಇಲ್ಲವಲ್ಲ. 2022ರ ನಂತರ ಆಫರ್ ಲೆಟರ್ ಕೈಯಲ್ಲಿ ಹಿಡಿದುಕೊಂಡೇ ಜಾಯಿನಿಂಗ್‌ಗೆ ತಿಂಗಳುಗಟ್ಟಲೆ ಕಾದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಬ್ಯಾಂಕಿನ ಒಂದು ವರ್ಷದ ವಿನಾಯಿತಿ ಆ ಮಕ್ಕಳಿಗಾಗಿ ಕಾಯಲಿಲ್ಲ.

ಒಬ್ಬ ರೈತರ ವಿಷಯ ಹೇಳಬೇಕು. ಅರಕಲಗೂಡು ಕಡೆಯವರು. ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುತ್ತಿದ್ದರು. ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು ಮಾತಾಡಿಕೊಂಡು ಬಂದಿದ್ದರು. ಹೋಬಳಿಯಲ್ಲಿದ್ದ ಮನೆಯ ಪತ್ರ ತಂದು ನನ್ನ ಮೇಜಿನ ಮೇಲಿಟ್ಟರು. ಪತ್ರ ಸರಿಯಿತ್ತು, ಕಾಲೇಜಿಗೆ ಮಾನ್ಯತೆ ಇತ್ತು, ನಿಯಮ ಎಲ್ಲ ಕೂಡಿಬಂದಿತ್ತು. ಮಂಜೂರು ಮಾಡಿದೆ. ಅವರು ಎದ್ದು ಹೊರಡುವಾಗ "ಸಾಹೇಬ್ರೇ, ನೀವೇ ಕೊಟ್ರಿ ಅಂದ್ಮೇಲೆ ಒಳ್ಳೇದೇ ಇರುತ್ತೆ ಬಿಡಿ" ಅಂದರು.

ಹುಡುಗ ಎರಡನೆಯ ವರ್ಷದಲ್ಲಿ ಇಯರ್ ಬ್ಯಾಕ್ ಆದ. ಐದು ವರ್ಷ ಹಿಡಿಯಿತು. ಸಿಕ್ಕ ಮೊದಲ ಕೆಲಸಕ್ಕೆ 15 ಸಾವಿರ. ಅಷ್ಟರಲ್ಲಿ ಕಂತು ಶುರುವಾಗಿತ್ತು. ಮೊದಮೊದಲು ಆ ಅಪ್ಪ ಪ್ರತಿ ತಿಂಗಳೂ ಬರುತ್ತಿದ್ದರು. ಬನಿಯನ್ನಿನ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಬೆವರಿಗೆ ಒದ್ದೆಯಾದ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಕೌಂಟರಿನ ಮೇಲೆ ಇಡುತ್ತಿದ್ದರು. ಒಂದು ವರ್ಷ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಆ ಮಳೆಗಾಲ ಅವರು ಬರಲಿಲ್ಲ. 90 ದಿನ ಕಂತು ನಿಂತರೆ ಖಾತೆ ಸುಸ್ತಿಯಾಗುತ್ತದೆ. ಅದು ಮಗನ ಸಾಲ ಅಂತ ಅವರು ತಿಳಿದಿದ್ದರು. ಅವರು ಬರೀ ಜಾಮೀನುದಾರರಲ್ಲ, ಸಹ ಸಾಲಗಾರರು. ಅವರದೇ ಬೆಳೆ ಸಾಲ ಹೊಸದು ಮಾಡುವಾಗ ಅದು ಅಡ್ಡ ಬಂತು. ಮಗ ಓದಿದ್ದಕ್ಕೆ ಅಪ್ಪನ ಹೊಲಕ್ಕೆ ಗೊಬ್ಬರದ ದುಡ್ಡು ಸಿಗಲಿಲ್ಲ.

ಅವರ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ನೋಡಿದ್ದು ಮನೆಯ ಬೆಲೆ. ಅವರು ತಿಳಿದದ್ದು ನಾನು ಮಗನ ಭವಿಷ್ಯ ನೋಡಿ ಒಪ್ಪಿದೆ ಅಂತ. ಬ್ಯಾಂಕು ಸಾಲ ಕೊಟ್ಟಿತು ಅಂದರೆ ಸಾಲ ವಾಪಸು ಬರುವ ದಾರಿ ಅದಕ್ಕೆ ಕಂಡಿದೆ ಅಂತ ಅರ್ಥ. ಆ ದಾರಿ ನಿಮ್ಮ ಮನೆಯ ಮೇಲೆ ಹಾದುಹೋಗಬಹುದು. ಆ ಕೋರ್ಸು ಒಳ್ಳೆಯದು, ಆ ಕಾಲೇಜು ಒಳ್ಳೆಯದು ಅಂತ ಬ್ಯಾಂಕು ಯಾವತ್ತೂ ಹೇಳಿಲ್ಲ. ಅದು ಹೇಳುತ್ತದೆ ಅಂತ ಕಾಯಲೂಬೇಡಿ.

ಹಾಗಾದರೆ ಯಾರನ್ನು ಕೇಳುವುದು? ಕಾಲೇಜಿನ ಬ್ಯಾನರಿನಲ್ಲಿ "ಗರಿಷ್ಠ ಪ್ಯಾಕೇಜು" ಅಂತ ಒಂದು ದೊಡ್ಡ ಅಂಕಿ ಇರುತ್ತದೆ. ಅದು ಒಬ್ಬ ಹುಡುಗನದ್ದು. ಸರಾಸರಿಯೂ ಬೇಡ. ಇಬ್ಬರಿಗೆ 30 ಲಕ್ಷ ಸಿಕ್ಕರೆ ಎಲ್ಲರ ಸರಾಸರಿಯೂ ಮೇಲೆ ಕಾಣುತ್ತದೆ. ಸಂಬಳಗಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಹುಡುಗನಿಗೆ ಎಷ್ಟು? ಅದನ್ನು ಕೇಳಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಈ ನಡುವಿನ ಸಂಬಳವನ್ನೇ ಬರೆದುಕೊಡಬೇಕು. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಕ್ಕಳು ಸಮಯಕ್ಕೆ ಸರಿಯಾಗಿ ಪಾಸಾದರು, ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು ಅನ್ನುವುದೂ ಅದರಲ್ಲೇ ಇರುತ್ತದೆ. ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಿ. ಸಿಗದಿದ್ದರೆ ಕಾಲೇಜಿಗೇ ಹೋಗಿ. ಗೇಟಿನ ಹೊರಗೆ ಟೀ ಅಂಗಡಿ ಇರುತ್ತದಲ್ಲ, ಅಲ್ಲಿ ಕೊನೆಯ ವರ್ಷದ ಮಕ್ಕಳು ನಿಂತಿರುತ್ತಾರೆ. "ನಿಮ್ಮ ಬ್ರಾಂಚಿನಲ್ಲಿ ಎಷ್ಟು ಜನ, ಎಷ್ಟು ಜನಕ್ಕೆ ಆಫರ್ ಬಂದಿದೆ, ಎಷ್ಟಕ್ಕೆ" ಅಂತ ಕೇಳಿ. ಮುಚ್ಚಿಡದೆ ಹೇಳುತ್ತಾರೆ. ಹೆಣ್ಣು ನೋಡಲು, ಗಂಡು ನೋಡಲು ಹೋಗುವಾಗ ಊರೆಲ್ಲ ವಿಚಾರಿಸುತ್ತೇವೆ. 8 ಲಕ್ಷದ ಸಾಲಕ್ಕೆ ಒಂದು ದಿನ ಓಡಾಡಲು ಆಗಲ್ವಾ?

ಸಮಯಕ್ಕೆ ಪಾಸಾಗುವ ವಿಷಯ ಬಂತಲ್ಲ. ಒಂದು ವರ್ಷ ಹಿಂದೆ ಬಿದ್ದರೆ ಒಂದು ವರ್ಷದ ಬಡ್ಡಿ, ಒಂದು ವರ್ಷದ ಹಾಸ್ಟೆಲ್ಲು, ಸಿಗಬೇಕಾಗಿದ್ದ ಒಂದು ವರ್ಷದ ಸಂಬಳ. ಎಲ್ಲ ಸೇರಿದರೆ 4 ಲಕ್ಷ ದಾಟುತ್ತದೆ. ಗಣಿತ ಕಂಡರೆ ಹೆದರುವ ಮಗುವನ್ನು ಪಕ್ಕದ ಮನೆಯವರ ಮಗ ಸೇರಿದ ಅಂತ ಇಂಜಿನಿಯರಿಂಗ್‌ಗೆ ನೂಕಬೇಡಿ. ಮಗುವಿನ ಮನಸ್ಸಿಗೆ ಆಗುವ ನೋವಿಗೆ ನಾನು ಬೆಲೆ ಕಟ್ಟಲಾರೆ, ಅದು ಈ 4 ಲಕ್ಷದಲ್ಲಿ ಸೇರಿಲ್ಲ.

ಬ್ಯಾಂಕಿನ ಲೆಕ್ಕಕ್ಕೆ ಬಾರದ ಇನ್ನೊಂದು ಸಾಲ ಇದೆ. ರಸೀದಿ ಇಲ್ಲದೆ ಕೇಳುವ ಡೊನೇಷನ್ ದುಡ್ಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದಕ್ಕೆ ಕೈಸಾಲ ಮಾಡುತ್ತಾರೆ. ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ. ಕೇಳಲು ಎಷ್ಟು ಸಣ್ಣ ಮಾತು! ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇಕಡಾ 24, ಶೇಕಡಾ 36. ತೋಟ ಇರುವವರು "ಕಾಫಿ ರೇಟು ಚೆನ್ನಾಗಿದೆ, ತೀರಿಸ್ತೀವಿ" ಅನ್ನುತ್ತಾರೆ. 2024ರಲ್ಲಿ ರೇಟು ಏರಿದ್ದನ್ನು ನೋಡಿದವರಲ್ಲಿ 2001, 2002ರಲ್ಲಿ ಅದು ನೆಲ ಕಚ್ಚಿದ್ದನ್ನು ನೋಡಿದವರೂ ಇದ್ದೀರಿ. ಓದಿನ ಸಾಲ 10, 15 ವರ್ಷದ್ದು. ಅಷ್ಟು ವರ್ಷ ಒಂದೇ ರೇಟು ನಿಂತದ್ದು ನಾನಂತೂ ಕಂಡಿಲ್ಲ.

ಸಾಲವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಕಲೇಶಪುರದ ಹತ್ತಿರ ಎಸ್ಟೇಟಿನ ಕೂಲಿ ಲೈನಿನಲ್ಲಿ ಬೆಳೆದ ಒಬ್ಬ ಹುಡುಗಿಗೆ ಸಾಲ ಕೊಟ್ಟಿದ್ದೆ. ಸಿಇಟಿ ಸೀಟು, ಎಲೆಕ್ಟ್ರಾನಿಕ್ಸ್. ನಾಲ್ಕು ವರ್ಷಕ್ಕೆ ಸೇರಿ 3 ಲಕ್ಷದೊಳಗೆ ತೆಗೆದಳು. ಮಂಜೂರಾದದ್ದು ಅದಕ್ಕಿಂತ ಜಾಸ್ತಿ ಇತ್ತು. "ಇಷ್ಟೇ ಸಾಕು ಸಾರ್, ಉಳಿದದ್ದು ಬೇಡ" ಅಂತ ಬರೆದುಕೊಟ್ಟಳು. ಕೆಲಸಕ್ಕೆ ಸೇರಿದ ಮೂರು ವರ್ಷದಲ್ಲಿ ತೀರಿಸಿದಳು. ಖಾತೆ ಮುಚ್ಚಿದ ದಿನ ಅವಳ ಅಮ್ಮ ಶಾಖೆಯವರಿಗೆಲ್ಲ ಒಂದು ಚೀಲ ಕಿತ್ತಳೆ ಹಣ್ಣು ತಂದುಕೊಟ್ಟರು. ಸಾಲ ಇಲ್ಲದಿದ್ದರೆ ಆ ಹುಡುಗಿ ಪಿಯುಸಿಗೇ ನಿಲ್ಲುತ್ತಿದ್ದಳು. ಸಾಲ ಇರಬೇಕಾದದ್ದು ಇಂಥವರಿಗೆ, ಇಷ್ಟು ಅಳತೆಯಲ್ಲಿ.

ಆ ಅಳತೆ ಎಷ್ಟು ಅಂದರೆ, ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಕೈಗೆ ಬರುವ ಮೊದಲ ಸಂಬಳದಲ್ಲಿ ಕಾಲು ಭಾಗಕ್ಕಿಂತ ಕಂತು ಜಾಸ್ತಿ ಆಗಬಾರದು. 25 ಸಾವಿರದಲ್ಲಿ ಕಾಲು ಭಾಗ 6,250. 10 ವರ್ಷದ ಕಂತು ಅಷ್ಟಿರಬೇಕಾದರೆ ನೀವು ತೆಗೆಯಬಹುದಾದ ಸಾಲ ಸುಮಾರು ಮೂರೂವರೆ ಲಕ್ಷ. ನೋಡಿ, ಅದು ಹೆಚ್ಚುಕಮ್ಮಿ ಒಂದು ವರ್ಷದ ಪ್ಯಾಕೇಜಿನಷ್ಟೇ ಬಂತು. ಹಾಗಾಗಿ ಹಾಳೆ ಪೆನ್ನು ಇಲ್ಲದಾಗ ನೆನಪಿಟ್ಟುಕೊಳ್ಳುವುದು ಸುಲಭ. ಆ ಕಾಲೇಜಿನ, ಆ ಬ್ರಾಂಚಿನ ನಟ್ಟನಡುವಿನ ಹುಡುಗನ ಒಂದು ವರ್ಷದ ಸಂಬಳ. ಅದಕ್ಕಿಂತ ಜಾಸ್ತಿ ಸಾಲ ಬೇಡ.

ಆ ಅಳತೆ ಸ್ವಲ್ಪ ದೊಡ್ಡದಾಗಬೇಕು ಅಂದರೆ ಒಂದು ದಾರಿ ಇದೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗುವುದು. ಆಲೂರಿನ ಹತ್ತಿರ ಒಬ್ಬ ತಾಯಿ ಇದನ್ನು ಮಾಡಿದರು. ಎರಡು ಹಸು. ಡೇರಿಗೆ ಹಾಲು ಹಾಕುತ್ತಿದ್ದರು. ಬಟವಾಡೆ ಆದ ಮರುದಿನ ಬ್ಯಾಂಕಿಗೆ ಬರುತ್ತಿದ್ದರು. ಮಗನ ಸಾಲ ಮೊದಲ ವರ್ಷ ಒಂದೂವರೆ ಲಕ್ಷ, ತಿಂಗಳ ಬಡ್ಡಿ 1,250 ರೂಪಾಯಿ. ಹಾಲಿಗೆ ಲೀಟರಿಗೆ 35 ರೂಪಾಯಿ ಅಂತ ಹಿಡಿದರೆ 36 ಲೀಟರು. ಅಂದರೆ ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ. "ಒಂದು ಲೀಟರು ಬ್ಯಾಂಕಿಗೆ ಅಂತ ಎತ್ತಿಟ್ಟಿದೀನಿ ಸಾರ್" ಅನ್ನುತ್ತಿದ್ದರು. ಎರಡನೆಯ ವರ್ಷ ಎರಡು ಲೀಟರು ದಾಟಿತು, ಮೂರನೆಯ ವರ್ಷ ಮೂರು ದಾಟಿತು. ಕೊನೆಗೆ ತಿಂಗಳಿಗೆ 5 ಸಾವಿರದವರೆಗೆ ಹೋಯಿತು, ಆ ಹೊತ್ತಿಗೆ ಇನ್ನೊಂದು ಹಸು ಕಟ್ಟಿದ್ದರು. ಕಂತು ಶುರುವಾದಾಗ ಅವರ ಸಾಲ 6 ಲಕ್ಷ ಮಾತ್ರ. ಕಂತು 10,704ರ ಬದಲು 7,929. ಮೊದಲೇ ಕಟ್ಟಿದ್ದು 2 ಲಕ್ಷದ 10 ಸಾವಿರ, ಆಮೇಲೆ ಕಟ್ಟದೆ ಉಳಿಸಿದ್ದು 3 ಲಕ್ಷದ 33 ಸಾವಿರ. ಓದುವಾಗ ಬಡ್ಡಿ ಕಟ್ಟುವವರಿಗೆ ಎಷ್ಟೋ ಬ್ಯಾಂಕುಗಳು ಶೇಕಡಾ 1ರಷ್ಟು ಬಡ್ಡಿಯನ್ನೂ ಕಡಿಮೆ ಮಾಡುತ್ತವೆ. ಅದನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ.

ಸರ್ಕಾರದಿಂದ ಸಿಗುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಬರೆದುಕೊಳ್ಳಿ. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಈ ಯೋಜನೆ 2009ರಿಂದ ಇದೆ. ಕಾಲೇಜಿಗೆ ನ್ಯಾಕ್ ಅಥವಾ ಆ ಬ್ರಾಂಚಿಗೆ ಎನ್‌ಬಿಎ ಮಾನ್ಯತೆ ಇರಬೇಕು, ಸೇರುವ ಮುಂಚೆ ನೋಡಿಕೊಳ್ಳಿ. ಓದನ್ನು ಅರ್ಧಕ್ಕೆ ಬಿಟ್ಟರೆ ಇದು ನಿಲ್ಲುತ್ತದೆ. 2024ರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಬಂದಿದೆ. ಆದಾಯ 8 ಲಕ್ಷದವರೆಗೆ ಇದ್ದರೆ ಶೇಕಡಾ 3ರಷ್ಟು ಬಡ್ಡಿ ಸಹಾಯ, ಆದರೆ ಆಯ್ದ ಕಾಲೇಜುಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಹಿಂದುಳಿದ ವರ್ಗದವರಿಗೆ ಇರುವ ದೇವರಾಜ ಅರಸು ನಿಗಮದ ಅರಿವು ಸಾಲಕ್ಕೆ ಬಡ್ಡಿ ಬರೀ ಶೇಕಡಾ 2. ಏಳೂವರೆ ಲಕ್ಷದವರೆಗಿನ ಓದಿನ ಸಾಲಕ್ಕೆ ಆಸ್ತಿ ಅಡವು ಬೇಕಾಗಿಲ್ಲ, ಅದಕ್ಕೆಂದೇ 2015ರಿಂದ ಗ್ಯಾರಂಟಿ ನಿಧಿ ಇದೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಫೀಸು ವಿನಾಯಿತಿಯ ಸೀಟುಗಳಿವೆ, ಶೇಕಡಾ 5. ಅರ್ಜಿಯಲ್ಲಿ ಆ ಕಲಂ ಬಿಡಬೇಡಿ.

ಬಡ್ಡಿ ಸಹಾಯದ ಬಗ್ಗೆ ಒಂದು ಮಾತು. ನಾನು ವರ್ಗವಾಗಿ ಹೋದ ಒಂದು ಶಾಖೆಯಲ್ಲಿ ಹಳೆಯ ಫೈಲು ತೆಗೆದು ನೋಡಿದೆ. ಕೂಲಿ ಮಾಡುವವರ ಮಗಳ ಸಾಲ. ಆದಾಯ ಪ್ರಮಾಣಪತ್ರ ಫೈಲಿನಲ್ಲೇ ಪಿನ್ ಹಾಕಿಕೊಂಡು ಕೂತಿತ್ತು. ಬಡ್ಡಿ ಸಹಾಯಕ್ಕೆ ಯಾರೂ ಬರೆದೇ ಇರಲಿಲ್ಲ. ಮೂರು ವರ್ಷದ ಬಡ್ಡಿ ಆ ಮಗುವಿನ ತಲೆಯ ಮೇಲೆ ಏರಿತ್ತು. ಅವರಿಗೆ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಹೋಗಿ "ನಮ್ಮ ಖಾತೆಗೆ ಬಡ್ಡಿ ಸಹಾಯ ಬಂತಾ" ಅಂತ ಕೇಳಿ. ಸಂಕೋಚ ಪಡಬೇಡಿ, ಅದು ನಿಮ್ಮ ಹಕ್ಕು.

ಇಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿರುವ ತಮ್ಮ ತಂಗಿಯರನ್ನು ಕರೆದುಕೊಂಡು ಬಂದವರೂ ಇದ್ದಾರೆ. ಅವರಿಗೆ ಒಂದು ಲೆಕ್ಕ. ಪಿಯುಸಿ ಎರಡು, ಇಂಜಿನಿಯರಿಂಗ್ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಆಮೇಲೆ ಡಿಪ್ಲೊಮಾದವರಿಗೆ ಇರುವ ಡಿಸಿಇಟಿ ಪರೀಕ್ಷೆ ಬರೆದು ನೇರ ಎರಡನೆಯ ವರ್ಷಕ್ಕೆ ಸೇರಿದರೆ ಮೂರು, ಅದೂ ಆರೇ ವರ್ಷ. ಸರ್ಕಾರಿ ಪಾಲಿಟೆಕ್ನಿಕ್ಕಿನ ಫೀಸು ತೀರಾ ಕಡಿಮೆ. ಇಂಜಿನಿಯರಿಂಗ್ ಕಾಲೇಜಿನ ಒಂದು ವರ್ಷದ ಫೀಸು ಪೂರ್ತಿ ಉಳಿಯುತ್ತದೆ. ಮಧ್ಯದಲ್ಲಿ ಮನೆಗೆ ಕಷ್ಟ ಬಂದರೂ ಕೈಯಲ್ಲಿ ಒಂದು ಡಿಪ್ಲೊಮಾ ಇರುತ್ತದೆ, ಅದರ ಮೇಲೆ ಕೆಲಸ ಸಿಗುತ್ತದೆ. ಪಿಯುಸಿ ಮೇಲೆ ಏನು ಸಿಗುತ್ತದೆ, ನೀವೇ ಹೇಳಿ. ಡಿಪ್ಲೊಮಾ ಅಂದರೆ ಓದು ತಲೆಗೆ ಹತ್ತದವರಿಗೆ ಅಂತ ನಮ್ಮ ಕಡೆ ಒಂದು ಮಾತಿದೆ. ಆ ಮಾತಿನಿಂದ ಎಷ್ಟು ಮನೆಗಳು ಲಕ್ಷಗಟ್ಟಲೆ ಕಳೆದುಕೊಂಡಿವೆಯೋ.

ನನ್ನ ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬಗ್ಗೆ, ಬ್ಯಾಂಕಿನವರು ಅಲೆದಾಡಿಸುವ ಬಗ್ಗೆ. ಎಲ್ಲ ಮುಗಿದು ಕುರ್ಚಿ ಎತ್ತುವ ಹೊತ್ತಿಗೆ ಒಬ್ಬಳು ಹುಡುಗಿ ವೇದಿಕೆಯ ಹತ್ತಿರ ಬಂದಳು. ಬೇಲೂರು ರಸ್ತೆಯ ಒಂದು ಹಳ್ಳಿಯವಳು.

"ಸಾರ್, ಅಣ್ಣನ ಸಾಲ ಇನ್ನೂ ಇದೆ. ಅಪ್ಪ ಬ್ಯಾಂಕ್ ಅಂದ್ರೆ ಹೆದರ್ತಾರೆ. ನಾನು ಕೇಳೋದು ತಪ್ಪಾಗುತ್ತಾ?"

ಕೂರು ಅಂದೆ. ವೇದಿಕೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅವಳ ರ‍್ಯಾಂಕಿಗೆ ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸಿಗುವ ಹಾಗಿತ್ತು. ಫೀಸು ಅರ್ಧ ಲಕ್ಷದೊಳಗೆ. ಮನೆಯಿಂದಲೇ ಓಡಾಡಬಹುದು. 2023ರಿಂದ ಶಕ್ತಿ ಯೋಜನೆ ಇದೆ, ಬಸ್ಸಿಗೆ ದುಡ್ಡಿಲ್ಲ. ವರ್ಷಕ್ಕೆ 50 ಸಾವಿರ ಅಂತ ಬರೆದಳು. ನಾಲ್ಕು ವರ್ಷಕ್ಕೆ 2 ಲಕ್ಷ. ಹೆಣ್ಣುಮಕ್ಕಳಿಗೆ ಎಷ್ಟೋ ಬ್ಯಾಂಕುಗಳು ಅರ್ಧ ಪರ್ಸೆಂಟು ಬಡ್ಡಿ ಬಿಡುತ್ತವೆ, ಒಂಬತ್ತೂವರೆ ಹಾಕು ಅಂದೆ. ಮಾನ್ಯತೆ ಇದ್ದು ಬಡ್ಡಿ ಸಹಾಯ ಬಂದರೆ ಕಂತು ಶುರುವಾಗುವಾಗಲೂ ಸಾಲ 2 ಲಕ್ಷವೇ. ಐದು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ 4,200. ಸಹಾಯ ಬಾರದಿದ್ದರೆ 5,597. ಎರಡನ್ನೂ ಬರೆಸಿದೆ.

ಅವಳು 25 ಸಾವಿರದಿಂದ 5,597 ಕಳೆದಳು. ಪಿಜಿ, ಊಟ, ಓಡಾಟ ಎಲ್ಲ ಕಳೆದಳು. 4,903 ಉಳಿಯಿತು. ಆ ಅಂಕಿಯ ಸುತ್ತ ಒಂದು ಗೆರೆ ಎಳೆದು ಸ್ವಲ್ಪ ಹೊತ್ತು ನೋಡಿದಳು.

"ಇದರಲ್ಲಿ ಅಣ್ಣನ ಕಂತಿಗೂ ಸ್ವಲ್ಪ ಕೊಡಬಹುದು ಅಲ್ವಾ ಸಾರ್?"

ಕೊಡಬಹುದು ಮಗಳೇ ಅಂದೆ. ಆದಾಯ ಪ್ರಮಾಣಪತ್ರ ಇದೆಯಾ ಅಂತ ಕೇಳಿದೆ. ಹಳೆಯದಿದೆ ಅಂದಳು. ತಾರೀಖು ನೋಡಿಕೋ, ಮುಗಿದಿದ್ದರೆ ಸೋಮವಾರ ಬೆಳಗ್ಗೆಯೇ ಅಪ್ಪನನ್ನು ಕರೆದುಕೊಂಡು ನಾಡಕಚೇರಿಗೆ ಹೋಗು, ಆಪ್ಷನ್ ಎಂಟ್ರಿ ಶುರುವಾದ ಮೇಲೆ ಅಲ್ಲಿ ಬಹಳ ಜನ ಇರುತ್ತಾರೆ ಅಂದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಹೊರಗೆ ಬಾಗಿಲ ಹತ್ತಿರ ಅವಳ ಅಪ್ಪ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದರು. ಅವಳು ಹೋಗಿ ಆ ಹಾಳೆಯನ್ನು ಮತ್ತೆ ಬಿಡಿಸಿ ಅವರಿಗೆ ತೋರಿಸತೊಡಗಿದಳು.